ಹಿತ್ತಲ ಬಾಗಿಲು ಬೇಡವೆಂದ ಶೇವಂತೆವ್ವ

ಹೂವಿನ ಹಿಪ್ಪರಗಿಯ ಶೇವಂತೆವ್ವನಿಗೆ ಇಂಗ್ಲೆಂಡು ಯಾವ ದಿಕ್ಕಿಗಿದೆ ಎಂಬುದು ಗೊತ್ತಿರಲಿಲ್ಲ. ಆದರೆ ಎಪ್ಪತ್ತನಾಲ್ಕನೇ ಇಸವಿಯ ಆ ಬೇಸಿಗೆಯಲ್ಲಿ ಆ ದೇಶದ ಒಂದು ದೊಡ್ಡ ಮನೆತನದ ಹೆಂಗಸರನ್ನು ಆಕೆ ಬೈದಷ್ಟು ಬಾಯಿ ತುಂಬ ಅವರನ್ನು ಹೆತ್ತವರೂ ಬೈದಿರಲಿಕ್ಕಿಲ್ಲ.

ಬೈಯಲು ಕಾರಣವಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ರೇಡಿಯೋದಲ್ಲಿ ಇಂಗ್ಲಿಷ್ ಕಥೆಯೊಂದನ್ನು ಕನ್ನಡದ ನಾಟಕ ಮಾಡಿ ಕಂತುಕಂತಾಗಿ ಹಾಕುತ್ತಿದ್ದರು. ನೂರು ವರ್ಷದ ಹಿಂದಿನ ಕಥೆ. ಸಾರೋಟು, ನೆಲ ಗುಡಿಸುವ ಲಂಗ, ಗೋಡೆಯೊಳಗೆ ಉರಿಯುವ ಒಲೆ. ಊರಿನ ಪಂಚಾಯಿತಿ ರೇಡಿಯೋ ಕಟ್ಟಿಗೆಯ ಪೆಟ್ಟಿಗೆಯಲ್ಲಿರುತ್ತಿತ್ತು, ಪೆಟ್ಟಿಗೆಯ ಕೀಲಿ ಸಿಪಾಯಿ ದಾವಲಮಲಿಕನ ಉಡದಾರದಲ್ಲಿರುತ್ತಿತ್ತು. ಆತ ಬಂದು ಕೀಲಿ ತೆಗೆಯುವಷ್ಟರಲ್ಲಿ ಕುರುಬರ ಓಣಿಯ ಏಳೆಂಟು ಹೆಂಗಸರು ಉಣ್ಣೆಯ ಬುಟ್ಟಿ, ಕದಿರು ಹಿಡಿದು ಪಂಚಾಯಿತಿಯ ಮುಂದಿನ ಕಟ್ಟೆ ಸೇರಿರುತ್ತಿದ್ದರು. ಕೈ ತನ್ನಷ್ಟಕ್ಕೆ ನೂಲುತ್ತಿತ್ತು, ಕಿವಿ ಇಂಗ್ಲೆಂಡಿನಲ್ಲಿರುತ್ತಿತ್ತು.

ಕಥೆ ಮಾರ್ಥಾ ಎಂಬ ಇಪ್ಪತ್ತಾರರ ವಿಧವೆಯದು. ಗಂಡ ಕುದುರೆಯಿಂದ ಬಿದ್ದು ಸತ್ತಿದ್ದಾನೆ. ದೊಡ್ಡ ವಾಡೆ, ಅದರಲ್ಲಿ ಎಲ್ಲರ ತಲೆಯ ಮೇಲೆ ಕೂತ ಅತ್ತೆ, ಮದುವೆಯಾಗದ ನಾದಿನಿ ಕ್ಲಾರಾ. ಹೊಲ ನೋಡಿಕೊಳ್ಳುವ ಕಾರಭಾರಿ ಥಾಮಸ್‌ನಿಗೆ ಮಾರ್ಥಾಳ ಮೇಲೆ ಮನಸ್ಸು, ಆಕೆಗೂ ಅವನ ಮೇಲೆ ಮನಸ್ಸು, ಇಬ್ಬರೂ ಬಾಯಿ ಬಿಡುವುದಿಲ್ಲ. ಹಿಪ್ಪರಗಿಯ ಕಟ್ಟೆ ಎರಡನೇ ವಾರಕ್ಕೇ ಮಾರ್ಥಾಳನ್ನು ಮಾರತವ್ವ ಮಾಡಿಕೊಂಡಿತು, ಥಾಮಸ್‌ನನ್ನು ತೋಮಣ್ಣ ಮಾಡಿಕೊಂಡಿತು.

"ಈ ಮಂದಿಗಿ ಬಾಯಿ ಇಲ್ಲೇನ?" ಎನ್ನುತ್ತಿದ್ದಳು ಶೇವಂತೆವ್ವ. "ಗಂಡ ಸತ್ತ, ಚಾ ಕುಡುದ್ರು. ಬೆಳಿ ಹೋತು, ಚಾ ಕುಡುದ್ರು. ಆ ತೋಮಣ್ಣ ನಾಕ ವಾರದಿಂದ ಟೊಪಿಗಿ ಕೈಯಾಗ ಹಿಡಕೊಂಡು ನಿಂತಾನ. ಕೇಳೂದಿದ್ರ ಕೇಳು, ಇಲ್ಲಂದ್ರ ಟೊಪಿಗಿ ಹಾಕ್ಕೊಂಡು ನಡಿ!"

ಪಕ್ಕದ ಮನೆಯ ಕಾಶಿಬಾಯಿಯದು ಬೇರೆ ಧಾಟಿ. ಆಕೆ ಎಲ್ಲರಿಗಾಗಿಯೂ ಅಳುವವಳು. ಸಾರೋಟಿನ ಕುದುರೆ ಕುಂಟಿದರೂ ಆಕೆಯ ಸೆರಗು ಒದ್ದೆಯಾಗುತ್ತಿತ್ತು.

"ಅವರದು ದೊಡ್ಡ ಮನಿತನ, ಶೇವಂತಿ. ಮರ್ಯಾದಿ ನೋಡಬೇಕಾಗ್ತೈತಿ" ಎಂದಳು ಕಾಶಿಬಾಯಿ.

"ಮರ್ಯಾದಿ ಬಂದು ಚಳಿಯಾಗ ಆಕಿಗಿ ಕಂಬಳಿ ಹೊಚ್ಚತೈತೇನ?"

ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ದಾವಲಮಲಿಕ ಕೇಳಿಸದವನಂತೆ ರೇಡಿಯೋದ ಧೂಳು ಒರೆಸಿದ.

ಆರನೇ ವಾರ ಕ್ಲಾರಾ ಎಪ್ಪತ್ತು ದಾಟಿದ ಒಬ್ಬ ಕಿವುಡ ಜಹಗೀರದಾರನನ್ನು ಮದುವೆಯಾದಳು. ಕಟ್ಟೆಯೆಲ್ಲ ಥೂ ಎಂದಿತು. ಶೇವಂತೆವ್ವ ಒಬ್ಬಳೇ ಆಕೆಯ ಪರ ನಿಂತಳು. "ಆಕಿ ಸುಳ್ಳರೆ ಹೇಳಲಿಲ್ಲ. ನನಗ ಮನಿ ಬೇಕು, ಅವನ ಹಂತ್ಯಾಕ ಮನಿ ಐತಿ ಅಂದ್ಲು. ಈ ಮಾರತವ್ವ ನೋಡ್ರಿ, ಬೇಕು ಅನ್ನವಲ್ಲಳು, ಬ್ಯಾಡ ಅನ್ನವಲ್ಲಳು. ಕಿಡಕ್ಯಾಗ ನಿಂತು ಮಳಿ ನೋಡ್ತಾಳ." ಸಿಟ್ಟಿಗೆ ಕದಿರನ್ನು ಬುಟ್ಟಿಗೆ ಎಸೆದು, ಈ ಹಾಳು ನಾಟಕ ಇನ್ನು ಕೇಳುವುದೇ ಇಲ್ಲವೆಂದು ಎದ್ದು ಹೋದಳು. ಮುಂದಿನ ಭಾನುವಾರ ಕಟ್ಟೆಗೆ ಎಲ್ಲರಿಗಿಂತ ಮೊದಲು ಬಂದವಳೂ ಅವಳೇ.

ಶೇವಂತೆವ್ವನಿಗೆ ಆಗ ಮೂವತ್ತೆರಡು. ಗಂಡ ಕುರಿ ಮೇಯಿಸಲು ಹೋದವನು ಎರೆಹೊಲದಲ್ಲಿ ಸಿಡಿಲು ಬಡಿದು ಸತ್ತು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ, ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಅತ್ತೆ ಸಾತವ್ವ, ಭಾವ ಬೀರಣ್ಣ, ಅವನ ಹೆಂಡತಿ ಇವರ ಜೊತೆ ಇದ್ದುಕೊಂಡು, ಉಣ್ಣೆ ನೂತು ಬಾಗೇವಾಡಿ ಸಂತೆಗೆ ಒಯ್ಯುತ್ತಿದ್ದಳು. ಅಲ್ಲಿ ನೂಲು ಕೊಳ್ಳಲು ಬರುತ್ತಿದ್ದವನು ನಾಲತವಾಡದ ಸಿದ್ದರಾಯ. ಕಂಬಳಿ ನೇಯುವವನು, ಹೆಂಡತಿ ತೀರಿಕೊಂಡಿದ್ದಳು, ಮಾತು ಕಡಿಮೆ. ಮೂರು ವರ್ಷದಲ್ಲಿ ಆತ ಆಡಿದ ಸವಿಮಾತು ಒಂದೇ: "ನಿಮ್ಮ ನೂಲಿನಾಗ ಗಂಟ ಇರಂಗಿಲ್ರಿ." ಆ ಮಾತನ್ನು ಶೇವಂತೆವ್ವ ಮನೆಗೆ ತಂದು ಎಷ್ಟು ಸಲ ನೆನೆದಳೋ ಲೆಕ್ಕವಿಲ್ಲ. ಆ ಬೇಸಿಗೆಯಲ್ಲಿ ಆತ ತನ್ನ ಅಕ್ಕನನ್ನು ಕಳಿಸಿ ಉಡಕಿಗೆ ಕೇಳಿದ. ಬೀರಣ್ಣನೂ ಹೂಂ ಎಂದ.

ಉಡಕಿ ಎಂದರೆ ಗಂಡ ಸತ್ತವಳಿಗೆ ಇನ್ನೊಬ್ಬ ಗಂಡಸು ಹೆಂಗಸೊಬ್ಬಳ ಕೈಯಿಂದ ಸೀರೆ ಹೊದಿಸಿ ಹೆಂಡತಿಯಾಗಿ ಕರೆದೊಯ್ಯುವುದು. ಅವರ ಕುಲ ಅದನ್ನು ಒಪ್ಪುತ್ತಿತ್ತು; ಅಷ್ಟರಮಟ್ಟಿಗೆ ಹಿಪ್ಪರಗಿ ಇಂಗ್ಲೆಂಡಿಗಿಂತ ಮುಂದೆಯೇ ಇತ್ತು ಅನ್ನಿ. ಆದರೆ ಒಪ್ಪಿಗೆಗೆ ಒಂದು ಬಾಲವಿತ್ತು. ಉಡಕಿ ನಡೆಯಬೇಕಾದದ್ದು ಹೊತ್ತು ಮುಳುಗಿದ ಮೇಲೆ, ದೀಪವಿಲ್ಲದೆ, ಹಿತ್ತಲ ಬಾಗಿಲಿನಲ್ಲಿ. ಮುತ್ತೈದೆಯರು ಎದುರು ಬರಬಾರದು. ಮರುದಿನ ಮಧ್ಯಾಹ್ನದ ತನಕ ಆಕೆಯ ಮುಖ ಯಾರೂ ನೋಡಬಾರದು. ಆಮೇಲೂ ಸಾಯುವ ತನಕ ಯಾರ ಮದುವೆಯಲ್ಲೂ ಆಕೆ ಆರತಿ ತಟ್ಟೆ ಮುಟ್ಟುವಂತಿಲ್ಲ. ಶೇವಂತೆವ್ವ ಇದಕ್ಕೆ ತಲೆಯಾಡಿಸಿದ್ದಳು. ಮನುಷ್ಯ ಒಳ್ಳೆಯವನು, ಬಾಗಿಲು ಯಾವುದಾದರೇನು ಎಂದುಕೊಂಡಿದ್ದಳು.

ಹದಿಮೂರನೇ ವಾರ ನಾಟಕದ ಕೊನೆಯ ಕಂತು ಬಂತು. ಕಡೆಗೂ ತೋಮಣ್ಣ ಬಾಯಿಬಿಟ್ಟ, ಮಾರತವ್ವ ಹೂಂ ಎಂದಳು. ಕಟ್ಟೆಯ ಮೇಲೆ ಹಬ್ಬವೇ ಆಯಿತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಮನೆತನದ ಹೆಸರು ಕೆಡಬಾರದೆಂದು ಅವರು ಗುಟ್ಟಾಗಿ ನಸುಕಿನಲ್ಲಿ, ಹನ್ನೆರಡು ಮೈಲಿ ಆಚೆಯ ಒಂದು ಸಣ್ಣ ಚರ್ಚಿನಲ್ಲಿ ಮದುವೆಯಾಗುವುದೆಂದು ಗೊತ್ತುಮಾಡಿದರು. ಮಾರತವ್ವ ಮುಖದ ಮೇಲೆ ಮುಸುಕು ಎಳೆದುಕೊಂಡು, ಆಳುಗಳು ಓಡಾಡುವ ಹಿಂದಿನ ಬಾಗಿಲಿನಿಂದ ಹೊರಬಿದ್ದಳು. ಪಿಟೀಲು ಬಾರಿಸಿದರು. ಮುಗಿಯಿತು.

"ಪಾಪ, ಕಡೀಕರೆ ಚಲೋ ಆತವ್ವ ಆಕಿಗಿ" ಎಂದು ಕಾಶಿಬಾಯಿ ಕಣ್ಣೊರೆಸಿಕೊಂಡಳು.

ಶೇವಂತೆವ್ವ ಎದ್ದು ನಿಂತಿದ್ದಳು. "ಏನ ಚಲೋ ಆತು? ಹಿಂದಿನ ಬಾಗಲಾ ಯಾಕ? ಆಕಿ ಕಳವು ಮಾಡ್ಯಾಳೇನ? ಯಾರ್‍ದರೆ ಮನಿ ಮುರದಾಳೇನ? ಹದಿಮೂರ ವಾರ ಅತ್ತು, ಬೆಂದು, ಕಡೀಕ ಕಳ್ಳರಂಗ ಹೋಗೂದಕ್ಕ ನೀವೆಲ್ಲಾರೂ ಚಲೋ ಆತು ಅಂತೀರಿ!"

ನಾಲತವಾಡದ ಸುದ್ದಿ ಎಲ್ಲರಿಗೂ ಗೊತ್ತಿತ್ತು, ಆಕೆ ಈಗ ಯಾರ ಮಾತು ಆಡುತ್ತಿದ್ದಾಳೆ ಎಂಬುದೂ ತಿಳಿಯಿತು. ತನ್ನ ಬಾಯಿಂದ ಬಂದದ್ದನ್ನು ಕೇಳಿ ಶೇವಂತೆವ್ವನಿಗೂ ಅದು ಹೊಳೆಯಿತು; ಬುಟ್ಟಿ ಎತ್ತಿಕೊಂಡು ಮನೆಯ ಕಡೆ ನಡೆದಳು.

ಮನೆಗೆ ಬಂದವಳೇ ಭಾವನ ಮುಂದೆ ನಿಂತಳು. "ಭಾವಾ, ಉಡಕಿ ಹಗಲ ಹೊತ್ತಿನಾಗ ಆಗಬೇಕು. ಮುಂಬಾಗಲಾಗ. ಕತ್ತಲಿದ್ರ ನನಗ ಬ್ಯಾಡ."

ಬೀರಣ್ಣ ಮೊದಲು ನಕ್ಕ, ಆಮೇಲೆ ಕೆಂಡವಾದ. "ಹಗಲ ಉಡಕಿ ಯಾರ ಮಾಡ್ಯಾರ? ಮುತ್ತೈದೇರ ಕಣ್ಣಿಗಿ ಬಿದ್ರ ಕೇಡು. ಆ ಸಿದ್ದರಾಯ ಇದನ್ನ ಕೇಳಿದ್ರ ಬಂದ ದಾರೀಲೆ ತಿರುಗಿ ಹೋಗ್ತಾನ. ಹಿಂತಾ ಮನಶ್ಯಾ ಮತ್ತ ಸಿಗ್ತಾನೇನ ನಿನಗ?"

ಸಿಗುವುದಿಲ್ಲ ಎಂಬುದು ಶೇವಂತೆವ್ವನಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಮಾತು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮೂಲೆಯಲ್ಲಿ ಕೂತಿದ್ದ ಸಾತವ್ವ ಅಂದಳು: "ಸುಮ್ಮನ ಹಟ ಹಿಡೀಬ್ಯಾಡ ಶೇವಂತಿ. ನಾನೂ ಈ ಮನಿಗಿ ಉಡಕ್ಯಾಗ ಬಂದಾಕಿ. ಏನ ಸತ್ತೇನು?"

ಶೇವಂತೆವ್ವನಿಗೆ ಇದು ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಒಂದೇ ಒಲೆಯಲ್ಲಿ ರೊಟ್ಟಿ ಬಡಿದಿದ್ದರೂ ಯಾರೂ ಹೇಳಿರಲಿಲ್ಲ. ಬೀರಣ್ಣ ನೆಲ ನೋಡಿದ. ಅವನು ಆ ಉಡಕಿಯ ಮಗನೇ.

"ಅವತ್ತ ಏನ ಕಂಡ್ರಿ ಅತ್ತಿ?"

"ಏನ ಕಾಣ್ತೈತಿ, ಕತ್ತಲಿತ್ತು. ನಿಮ್ಮ ಮಾವನ ಮಾರಿ ಕಂಡಿದ್ದು ಮರುದಿನ." ಮುದುಕಿ ಎಲೆಯಡಿಕೆಯ ಚೀಲ ತೆರೆದು ಅಡಿಕೆ ಹುಡುಕತೊಡಗಿದಳು.

ಮರುದಿನ ದಾವಲಮಲಿಕ ಕಚೇರಿಯ ಕೆಲಸಕ್ಕೆ ಮುದ್ದೇಬಿಹಾಳ, ನಾಲತವಾಡದ ಕಡೆ ಹೊರಟಿದ್ದ. ಶೇವಂತೆವ್ವ ಅವನ ಕೈಯಲ್ಲೇ ಹೇಳಿ ಕಳಿಸಿದಳು: ಬರುವ ಸೋಮವಾರ, ನೆತ್ತಿಯ ಮೇಲೆ ಹೊತ್ತಿರುವಾಗ, ಊರಿನ ಅಗಸಿ ಬಾಗಿಲಿನಿಂದ ಬರಬೇಕು, ಇಲ್ಲವಾದರೆ ಬೇಡ. ಸಿದ್ದರಾಯ ಕೇಳಿಸಿಕೊಂಡ, ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಆ ಎಂಟು ದಿನ ಶೇವಂತೆವ್ವನ ನೂಲಿನಲ್ಲಿ ಗಂಟೇ ಗಂಟು. ಟೊಪಿಗೆ ಹಿಡಿದು ನಿಂತ ತೋಮಣ್ಣನನ್ನು ಬೈದದ್ದು ಸುಲಭವಿತ್ತು. ಕಾಯುವವಳ ಪಾಡೇನು ಎಂದು ಆಗ ಕೇಳಿಕೊಂಡಿರಲಿಲ್ಲ.

ಸೋಮವಾರ ತಲೆಗೆ ಎರೆದುಕೊಂಡು ಹೊಸ್ತಿಲಲ್ಲಿ ಕೂತಳು. ಹನ್ನೊಂದರ ಬಸ್ಸು ಬಂತು. ದಾವಲಮಲಿಕ ಓಡಿ ಬಂದ.

"ಬಂದಾರ ಶೇವಂತಕ್ಕ. ಅಕ್ಕನ ಕರಕೊಂಡು ಬಂದಾರ. ಆದ್ರ ಬಸ್‌ಸ್ಟ್ಯಾಂಡಿನ ಚಾದಂಗಡ್ಯಾಗ ಕುಂತಾರ. ಹೊತ್ತು ಮುಳುಗಲಿ, ಆಮ್ಯಾಲ ಬರ್ತೇನಿ ಅಂತಾರ."

ಬೀರಣ್ಣನಿಗೆ ಗೆದ್ದಷ್ಟು ನಗು ಬಂತು. "ಅವಗರೆ ಬುದ್ಧಿ ಐತಿ ನೋಡು. ಒಳಗ ನಡಿ. ಸಂಜಿಕ ಎಲ್ಲಾ ಮುಗಸೂಣು."

ಶೇವಂತೆವ್ವ ಅತ್ತಳು. ಎಲ್ಲರೆದುರಿಗೆ, ಮುಚ್ಚಿಕೊಳ್ಳದೆ ಅತ್ತಳು. ಬಂದ ಮನುಷ್ಯ ಬೇಕಿತ್ತು, ಬಂದ ರೀತಿ ಬೇಡವಾಗಿತ್ತು. ಸಂಜೆಯ ತನಕ ಕಾದರೆ ಅವನು ಅವಳವನು. ಆಕೆ ಮುಖ ಒರೆಸಿಕೊಂಡು ಎದ್ದು, ಮುಂಬಾಗಿಲಿನಿಂದ ಇಳಿದು, ತಲೆಯ ಮೇಲಿನ ಸೆರಗು ಹೆಗಲಿಗೆ ಸರಿಸಿ, ಬಜಾರದ ನಟ್ಟನಡುವೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಓಣಿಯ ಕದಗಳು ಒಂದೊಂದಾಗಿ ಮುಚ್ಚಿಕೊಂಡವು. ಕಾಶಿಬಾಯಿಯ ಕದ ಮಾತ್ರ ಅರ್ಧಕ್ಕೆ ನಿಂತಿತು.

ಸಿದ್ದರಾಯ ಬೆಂಚಿನ ಮೇಲೆ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಕೆಯನ್ನು ಕಂಡು ಬೆವೆತ.

"ಮಂದಿ ನೋಡಾಕತ್ತಾರ್ರಿ" ಎಂದ.

"ನೋಡ್ಲಿ. ಅದಕ್ಕ ಬಂದೇನಿ. ನಿಮಗ ಬರಾಕ ಆಗಲಿಲ್ಲ, ನಾ ಬಂದೇನಿ. ಈಗ ಎದ್ದ ನಿಂದರ್ರಿ. ಹೊತ್ತ ಮುಳುಗೂತನಾ ಕುಂದ್ರಾವ್ರಿದ್ರ ಕುಂದರ್ರಿ, ನಾ ಮನಿಗಿ ಹೋಗ್ತೇನಿ. ಮತ್ತ ಕರದ್ರ ಬರಂಗಿಲ್ಲ."

ಅವನು ಗಂಟನ್ನು ನೋಡಿದ, ಸುತ್ತ ಸೇರಿದ ಜನವನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ. ಎದ್ದು ನಿಂತ. ಗಂಟು ಬಿಚ್ಚಿ ಹಸಿರು ಸೀರೆ ತೆಗೆದ. ಅದನ್ನು ಹೊದಿಸಲು ಹೆಣ್ಣು ಕೈಯೊಂದು ಬೇಕು. ಅವನ ಅಕ್ಕ ಹಗಲಿನಲ್ಲಿ ಮುಟ್ಟಲೊಲ್ಲೆನೆಂದು ಹಿಂದೆ ಸರಿದಳು. ಸೀರೆ ಅವನ ಕೈಯಲ್ಲೇ ಉಳಿಯಿತು. ಜನ ಗುಸುಗುಸು ಎಂದರು.

ಆಗ ಗುಂಪನ್ನು ಮೊಳಕೈಯಿಂದ ತಳ್ಳಿಕೊಂಡು ಸಾತವ್ವ ಬಂದಳು. ಬೀರಣ್ಣ ಹಿಂದಿನಿಂದ "ಯವ್ವಾ, ನೀ ಮುಟ್ಟಬಾರದು" ಎಂದು ಕೂಗುತ್ತಲೇ ಇದ್ದ. ಮುದುಕಿ ಅವನ ಮಾತಿಗೆ ಸೊಪ್ಪು ಹಾಕಲಿಲ್ಲ. ಸೀರೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ಮಡಿಕೆ ಬಿಚ್ಚಿ ಕೊಡವಿ, ಸೊಸೆಯ ತಲೆಯ ಮೇಲಿಂದ ಹೆಗಲಿಗೆ ಹೊದಿಸಿದಳು. ಆಮೇಲೆ ಜನದ ಕಡೆ ತಿರುಗಿದಳು.

"ನಾ ಈ ಊರಿಗಿ ಬಂದಾಗ ನಿಮ್ಮವರು ಯಾರೂ ನನ್ನ ಮಾರಿ ನೋಡಲಿಲ್ಲ. ಇದು ನನ್ನ ಸೊಸಿ. ಬರ್ರಿ, ಕಣ್ಣ ತುಂಬ ನೋಡ್ರಿ."