ಉತ್ತೂರಿನ ಮೊಪೆಡ್ಡಿನ ಸಿಲಿಂಡರ್

ಅದು ೧೯೮೩. ಮೊಪೆಡ್ ತಯಾರಿಸುವ ಕಂಪನಿಯೊಂದರ ಸರ್ವಿಸ್ ಇನ್‌ಸ್ಪೆಕ್ಟರ್ ಆಗಿ ನಾನು ಕೊಲ್ಹಾಪುರದಲ್ಲಿದ್ದೆ. ಗ್ಯಾರಂಟಿ ಮುಗಿಯುವ ಮೊದಲೇ ಕೆಟ್ಟ ಎಂಜಿನ್ನುಗಳನ್ನು ಬಿಚ್ಚಿ, ತಪ್ಪು ಕಂಪನಿಯದೋ ಗಿರಾಕಿಯದೋ ಎಂದು ತೀರ್ಮಾನಿಸುವುದು ನನ್ನ ಕೆಲಸ. ಗಿರಾಕಿಯದು ಎಂದರೆ ಗಿರಾಕಿಗೆ ಸಿಟ್ಟು, ಕಂಪನಿಯದು ಎಂದರೆ ಸಾಹೇಬರಿಗೆ ಸಿಟ್ಟು. ಹೀಗಾಗಿ ನಾನು ಬಂದೆನೆಂದು ಯಾವ ಊರಲ್ಲೂ ಯಾರ ಮುಖವೂ ಅರಳುತ್ತಿರಲಿಲ್ಲ. ಹೆಂಡತಿ ಮಕ್ಕಳು ಧಾರವಾಡದಲ್ಲಿ, ನಾನು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಖೋಲಿಯಲ್ಲಿ. ಖಾನಾವಳಿಯ ಊಟ ಮುಗಿಸಿ ಬಂದು ಬೀಗ ತೆಗೆದರೆ, ಬೆಳಿಗ್ಗೆ ಬಿಟ್ಟಲ್ಲೇ ಬಿದ್ದಿರುತ್ತಿದ್ದ ಟಾವೆಲ್ ಕಂಡು ಒಳಗೆ ಕಾಲಿಡಲೇ ಬೇಜಾರಾಗುತ್ತಿತ್ತು.

ಆ ವರ್ಷ ಯುಗಾದಿ ಕಳೆದ ಮೇಲೆ ಗಡಹಿಂಗ್ಲಜದ ಡೀಲರ್ ಒಂದು ಎಂಜಿನ್ ತಂದು ನನ್ನ ಮುಂದಿಟ್ಟ. ಉತ್ತೂರಿನ ರೈತ ಶಿವಲಿಂಗಪ್ಪನ ಗಾಡಿಯದು. ಹಿಂದಿನ ದಸರೆಯಲ್ಲಿ ಅವನು ಸಂತೆಗೆ ಹೊರಟಿದ್ದಾಗ ಇಳಿಜಾರಿನಲ್ಲಿ ಎಂಜಿನ್ ಸೀಜ್ ಆಗಿತ್ತು. ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡು ಹಿಂದಿನ ಗಾಲಿ ಗಕ್ಕನೆ ನಿಂತುಬಿಟ್ಟಿತ್ತು. ಬಿದ್ದ ಏಟಿಗೆ ಅವನ ಮೊಣಕಾಲಿನ ಚಿಪ್ಪು ಒಡೆಯಿತು.

ಟು-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಆ ದಿನ ಬೆರೆಸಿದವನು ತಮ್ಮ ಬಸವಣ್ಣಿ. ಇಚಲಕರಂಜಿ ಪಕ್ಕದ ಯಡ್ರಾವದಲ್ಲಿ ಪವರ್‌ಲೂಮ್ ಕಾಮಗಾರ. ಹಬ್ಬಕ್ಕೆ ಬರುವಾಗ ಮಗ್ಗಕ್ಕೆ ಹಾಕುವ ತೆಳು ಎಣ್ಣೆಯನ್ನೇ ಬಾಟಲಿಯಲ್ಲಿ ತುಂಬಿಕೊಂಡು ಬಂದಿದ್ದ. ಎಣ್ಣೆ ಯಾವುದಾದರೇನು, ಎಣ್ಣೆಯೇ ತಾನೆ ಎಂಬುದು ಅವನ ಲೆಕ್ಕ. ಸಂಗತಿ ತಿಳಿದ ಅಣ್ಣ ಆಸ್ಪತ್ರೆಯಲ್ಲೇ, "ನನ್ನ ಕಾಲು ಮುರದಾಂವ ಇಂವ," ಎಂದು ಬಂಧುಬಳಗದ ಎದುರು ಬೈದು ಕಳಿಸಿ ಮಾತು ಬಿಟ್ಟ. ಎಂಜಿನ್ ಮಾತ್ರ ನಾನು ನೋಡುವ ಸರದಿಗಾಗಿ ಕಾಯುತ್ತ ಡೀಲರನ ಕಪಾಟಿನಲ್ಲಿ ಆರು ತಿಂಗಳು ಕೂತಿತ್ತು.

"ಜಾಊ ದ್ಯಾ, ಹೋಗ್ಲಿ ಬಿಡ್ರಿ ಸಾಹೇಬ," ಎಂದ ಡೀಲರ್. "ಮಗ್ಗದ ಎಣ್ಣಿ ಹಾಕೇನಂತ ಅಂವ ತಾನ ಒಪ್ಕೊಂಡಾನ. ಹಂಗ ಬರದು ಕೈ ತೊಳ್ಕೊಳ್ರಿ."

ಒಪ್ಪಿಕೊಂಡದ್ದು ಬಸವಣ್ಣಿ, ಎಂಜಿನ್ನಲ್ಲ. ನಾನು ಅದನ್ನು ಇಚಲಕರಂಜಿಯ ಪರಿಚಯದ ವರ್ಕ್‌ಶಾಪಿಗೆ ಒಯ್ದೆ. ಸುದ್ದಿ ತಿಳಿದು ಬಸವಣ್ಣಿ ಪಾಳಿ ಮುಗಿಸಿ ನೇರ ಅಲ್ಲಿಗೇ ಬಂದ. ತಲೆಗೂದಲಿನಲ್ಲಿ ಹತ್ತಿಯ ಧೂಳು ಹಾಗೇ ಇತ್ತು.

"ತಪ್ಪು ನಂದಿದ್ರ ನಂದ ಅನ್ರಿ ಸಾಹೇಬ್ರ. ನಂದಲ್ಲ ಅಂತ ಗೊತ್ತಾದ್ರ ಅಣ್ಣ ಮಾತಾಡಸ್ತಾನ್ರಿ," ಎಂದ.

ಬೀಡುಕಬ್ಬಿಣದ ಸಿಲಿಂಡರ್ ಆದರೆ ಬೋರ್ ಮಾಡಿ, ಎಂದರೆ ಒಳಗೆ ಕೊರೆದು ಅಗಲಿಸಿ, ದೊಡ್ಡ ಪಿಸ್ಟನ್ ಕೂಡಿಸಬಹುದು. ಇದು ಅಲ್ಯುಮಿನಿಯಂ ಸಿಲಿಂಡರ್, ಒಳಗೋಡೆಗೆ ಗಟ್ಟಿ ಕ್ರೋಮ್ ಪ್ಲೇಟಿಂಗ್. ಆ ಲೇಪ ಹೋದರೆ ಸಿಲಿಂಡರ್ ಹೋದಂತೆಯೇ. ಸೀಜ್ ಆದಾಗ ಪಿಸ್ಟನ್ನಿನ ಅಲ್ಯುಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅದನ್ನು ತೆಗೆಯಲು ಕಾಸ್ಟಿಕ್ ಸೋಡಾದ ನೀರು ಬೇಕು. ಬಟ್ಟೆ ಬ್ಲೀಚ್ ಮಾಡುವ ಊರಿನಲ್ಲಿ ಅದಕ್ಕೇನೂ ಬರವಿರಲಿಲ್ಲ. ಸೋಡಾ ಗುಳ್ಳೆ ಎಬ್ಬಿಸುತ್ತ ಅಲ್ಯುಮಿನಿಯಂ ತಿನ್ನುತ್ತದೆ, ಕ್ರೋಮ್ ಮುಟ್ಟುವುದಿಲ್ಲ. ಮೆತ್ತಿದ್ದು ಹೋದೊಡನೆ ಗುಳ್ಳೆ ನಿಲ್ಲಬೇಕು. ನಿಲ್ಲದಿದ್ದರೆ ಅಲ್ಲಿ ಪ್ಲೇಟಿಂಗ್ ಇಲ್ಲ, ಸೋಡಾ ಸಿಲಿಂಡರನ್ನೇ ತಿನ್ನುತ್ತಿದೆ ಎಂದರ್ಥ.

ಎಣ್ಣೆ ಸಾಲದೆ ಸೀಜ್ ಆಗಿದ್ದರೆ ಗೋಡೆಯ ಸುತ್ತಲೂ ಗೀರು ಇರಬೇಕು, ಕೆಳಗಿನ ಬೇರಿಂಗ್ ಒಣಗಿ ನೀಲಿಗಟ್ಟಬೇಕು. ಬೇರಿಂಗ್ ಎಣ್ಣೆಯಲ್ಲಿ ನೆನೆದು ಹೊಳೆಯುತ್ತಿತ್ತು. ಗೀರು ಇದ್ದದ್ದು ಹೊಗೆ ಹೊರಹೋಗುವ ಕಿಂಡಿಯ ಕೆಳಗೆ, ಒಂದೇ ಪಟ್ಟಿ. ಹತ್ತಿಯಿಂದ ಸೋಡಾ ಸವರಿದೆ. ಎಲ್ಲ ಕಡೆ ಗುಳ್ಳೆ ನಿಂತವು, ಕಿಂಡಿಯ ಅಂಚಿನಲ್ಲಿ ಮಾತ್ರ ಏಳುತ್ತಲೇ ಇದ್ದವು. ತಕ್ಷಣ ನೀರಿನಲ್ಲಿ ತೊಳೆದು ಹೋನಿಂಗ್ ಮಾಡಿದೆ. ನುಣ್ಣನೆಯ ಮಸೆಗಲ್ಲು ತಿರುಗಿಸುತ್ತ ಗೋಡೆಯನ್ನು ಹಗುರಾಗಿ ಸವರುವುದಕ್ಕೆ ಹಾಗೆನ್ನುತ್ತಾರೆ. ಆಮೇಲೆ ಬೆರಳಾಡಿಸಿದರೆ ಅಂಚಿನಲ್ಲಿ ಉಗುರು ಸಿಕ್ಕಿತು. ಕಾರ್ಖಾನೆಯಲ್ಲೇ ಸರಿಯಾಗಿ ಕೂರದ ಪ್ಲೇಟಿಂಗ್ ಹಕ್ಕಳೆ ಎದ್ದಿತ್ತು. ಅಲ್ಲಿಂದ ಕಿತ್ತ ಚೂರೇ ಪಿಸ್ಟನ್ನಿಗೆ ಅಡ್ಡ ಸಿಕ್ಕಿತ್ತು. ಮಗ್ಗದ ಎಣ್ಣೆ ಈ ಕೆಲಸಕ್ಕೆ ಒಳ್ಳೆಯದಲ್ಲ, ಆದರೆ ಶಿವಲಿಂಗಪ್ಪನನ್ನು ಕೆಡವಿದ್ದು ಅದಲ್ಲ. ತಪ್ಪು ಕಂಪನಿಯದು ಎಂದು ಬರೆದೆ. ಸಾಹೇಬರು ಏನೆಂದರೆಂಬುದು ಇಲ್ಲಿ ಬೇಡ.

ಮೊದಲು ಉತ್ತೂರಿಗೆ ಹೋದೆ. ಶಿವಲಿಂಗಪ್ಪ ಮಡಚಲಾಗದ ಕಾಲನ್ನು ಕಟ್ಟೆಯ ಮೇಲೆ ಚಾಚಿ ಕೂತಿದ್ದ. ಎಲ್ಲವನ್ನೂ ಬಿಡಿಸಿ ಹೇಳಿದೆ.

"ಹಂಗಾರ ಅವಂದೇನೂ ತಪ್ಪಿಲ್ಲ?"

"ಇಲ್ರಿ."

ಮೊಣಕಾಲು ನೀವಿಕೊಂಡ. "ನಾಕ ಮಂದ್ಯಾಗ ಬೈದು ಕಳಿಸೇನ್ರಿ ಅವನ್ನ. ಈಗ ಯಾವ ಮಾರಿ ತಗೊಂಡು ಹೋಗ್ಲಿ?"

ನಾಳೆ ನಾನೂ ಯಡ್ರಾವಕ್ಕೆ ಹೊರಟಿದ್ದೇನೆ, ಕೂಡಿಯೇ ಹೋಗೋಣ, ಬಸ್ಸಿಗೆ ನಾನು ಹತ್ತಿಸುತ್ತೇನೆ ಎಂದೆ. ಬೇಡವೆಂದು ತಲೆಯಲ್ಲಾಡಿಸಿದ. "ನೀವ ಹೇಳ್ರಿ. ನನ್ನ ಸುದ್ದಿ ಮಾತ್ರ ತಗೀಬ್ಯಾಡ್ರಿ."

ಮರುದಿನ ಯಡ್ರಾವದಲ್ಲಿ ಮಗ್ಗಗಳ ಗದ್ದಲದಿಂದ ಬಸವಣ್ಣಿಯನ್ನು ಹೊರಗೆ ಕರೆದು ವಿಷಯ ತಿಳಿಸಿದೆ. ಟಾವೆಲಿನಿಂದ ಮುಖ ಒರೆಸಿಕೊಂಡ, ನಕ್ಕ. ಆಮೇಲೆ ನನ್ನ ಬೆನ್ನ ಹಿಂದಿನ ರಸ್ತೆ ನೋಡಿದ.

"ಅಣ್ಣಗ ಹೇಳೀರೇನ್ರಿ?"

"ಹೂಂ, ನಿನ್ನೆ ಹೇಳೇನಿ."

"ಗೊತ್ತಾದ ಮ್ಯಾಲೂ ಬರಲಿಲ್ಲೇನ್ರಿ?"

ಅಲ್ಲಿಯವರೆಗೆ, ನಿಜ ತಿಳಿದರೆ ಅಣ್ಣ ಬಂದೇ ಬರುತ್ತಾನೆ ಎಂಬ ಆಸೆಯಾದರೂ ಅವನಿಗಿತ್ತು. ಅವನು ಒಳಗೆ ಹೋಗಿ ಮಗ್ಗ ಚಾಲೂ ಮಾಡಿದ. ಅಂದು ಖೋಲಿಗೆ ಮರಳಿ ಬಾಗಿಲು ಹಾಕಿಕೊಂಡಾಗ ನನಗೆ ಅಳು ಬಂತು.

ನನ್ನ ವರ್ಗವಾಗುವವರೆಗೂ ಅವರಿಬ್ಬರು ಮಾತಾಡಿದರೆಂಬ ಸುದ್ದಿ ಕಿವಿಗೆ ಬೀಳಲಿಲ್ಲ. ಕಾರಣ ಸಿಕ್ಕರೆ ಕೆಟ್ಟದ್ದು ಸರಿಹೋಗುತ್ತದೆ ಎಂದು ನಂಬಿಯೇ ನಾನು ಈ ವೃತ್ತಿಗೆ ಬಂದಿದ್ದೆ. ಮುಂದೆ ಅಪಘಾತದ ಎಂಜಿನ್ ಎಂದು ಕೇಳಿದರೆ ಉಳಿದ ಕೆಲಸ ಬಿಟ್ಟು ಮೊದಲು ಅಲ್ಲಿಗೇ ಓಡುತ್ತಿದ್ದೆ. ಆ ಆರು ತಿಂಗಳಲ್ಲಿ ಕಪಾಟಿನಲ್ಲಿದ್ದ ಸಿಲಿಂಡರಿಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ಅಣ್ಣತಮ್ಮಂದಿರಿಗೆ.