ಬುಟ್ಟಿಯಡಿಯ ಹೆಜ್ಜೆ

ಮಕ್ತಲದ ಬಸ್ ಸ್ಟ್ಯಾಂಡಿನ ಎದುರಿಗೆ ಮಿರ್ಚಿ ಕರಿಯುವ ಶೇಖಮ್ಮ ಯಾರನ್ನೂ ನಂಬುವುದಿಲ್ಲ. ಹಾಲಿನವನ ಹಾಲನ್ನು ನಂಬುವುದಿಲ್ಲ, ಗಿರಣಿಯವನ ಹಿಟ್ಟನ್ನು ನಂಬುವುದಿಲ್ಲ, ಗೋಡೆಯ ಗಡಿಯಾರವನ್ನಂತೂ ರಾಯಚೂರು ಬಸ್ಸು ಬಂದು ಹಾರನ್ ಹೊಡೆಯುವ ತನಕ ನಂಬುವುದಿಲ್ಲ. “ಇಕಿ ಮುಂದ ಶಿವ ಬಂದು ನಿಂತ್ರೂ ಆಧಾರ್ ಕಾರ್ಡ್ ಕೇಳ್ತಾಳ” ಎಂದು ಅವಳ ಗಂಡ ಅಯ್ಯಣ್ಣನೇ ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಾನೆ. ನಗಲಿ ಬಿಡಿ. ಅರವತ್ತು ವರ್ಷ ಹೀಗೇ ಬದುಕಿದ ಹೆಂಗಸು, ನಾಲ್ಕು ಜನ ಹಲ್ಲು ಕಿಸಿದರೆಂದು ಬದಲಾಗುತ್ತಾಳೆಯೇ?

ಈ ಗುಣ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಮೊಗುಲಪ್ಪ ಕೊತ್ತಪಲ್ಲಿಯ ತಳವಾರ. ಪೊಲೀಸ್ ಪಟೇಲರಿದ್ದ ಕಾಲದಲ್ಲಿ ಎತ್ತು ಕಳುವಾದರೆ, ಕಣದ ಜೋಳ ಹೋದರೆ, ಮೊದಲು ಕರೆ ಹೋಗುತ್ತಿದ್ದುದು ಅವನಿಗೆ. ಅವನು ಬಂದವನೇ ಕಳ್ಳನ ಹೆಜ್ಜೆ ಒಂದನ್ನು ಹುಡುಕಿ, ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಮೇಲೊಂದು ಕಲ್ಲಿಡುತ್ತಿದ್ದ. ಗಾಳಿಯಾಗಲಿ ಕೋಳಿಯಾಗಲಿ ಅದನ್ನು ಕೆಡಿಸಬಾರದು. ಆಮೇಲೆ ಐದು ಜನರನ್ನು ಕರೆದು, ಅವರೆದುರಿಗೇ ಬುಟ್ಟಿ ಎತ್ತಿ, ಹೆಜ್ಜೆಯ ಪಕ್ಕದಲ್ಲೇ ಕೂತು ಹೆಸರು ಹೇಳಬೇಕು. ಹೆಸರು ಯಾರದೇ ಇರಲಿ, ನುಂಗುವ ಹಾಗಿಲ್ಲ. ಒಮ್ಮೆ ಮೊಗುಲಪ್ಪ ತನ್ನ ಸ್ವಂತ ಅಕ್ಕನ ಮಗನ ಹೆಸರನ್ನೇ ಹೇಳಿಬಿಟ್ಟಿದ್ದ. ಆ ಅಕ್ಕ ಸಾಯುವ ತನಕ ಅವನ ಮನೆಯ ನೀರು ಮುಟ್ಟಲಿಲ್ಲ.

ಬುಟ್ಟಿ ಹೊತ್ತು ಅಪ್ಪನ ಹಿಂದೆ ಓಡುತ್ತಿದ್ದವಳು ಶೇಖಮ್ಮ. ದಾರಿಯುದ್ದಕ್ಕೂ ಪಾಠ ನಡೆಯುತ್ತಿತ್ತು. ಓಡಿದವನ ಬೆರಳು ಆಳ, ಹೊರೆ ಹೊತ್ತವನ ಹಿಮ್ಮಡಿ ಆಳ. “ಮುಳ್ಳು ಚುಚ್ಚಿದ ಕಾಲಿಂದು ಮುಂದಿನ ಹೆಜ್ಜಿ ಹಗುರ ಇರಬೇಕು ಮಗಳ. ಇರಲಿಲ್ಲಂದ್ರ ಆ ಕಾಲು ಸತ್ತೈತಿ ಅಂತ ತಿಳಿ” ಎಂದು ಅಪ್ಪ ಒಮ್ಮೆ ಹೇಳಿದ್ದ. ಅಂಥ ಹೆಜ್ಜೆಯನ್ನು ಅವಳು ಕಂಡದ್ದಿಲ್ಲ.

ಪಟೇಲಿಕೆ ಹೋಯಿತು, ತಳವಾರಿಕೆ ಹೋಯಿತು, ಊರಿಗೆ ಸಿ.ಸಿ. ಕ್ಯಾಮರಾ ಬಂತು. ಶೇಖಮ್ಮನ ಚಟ ಮಾತ್ರ ಹೋಗಲಿಲ್ಲ. ಅಂಗಡಿಯ ಹಿಂಬಾಗಿಲಿಗೂ ಮನೆಯ ಬಾಗಿಲಿಗೂ ನಡುವೆ ಹತ್ತು ಮೊಳ ಅಂಗಳ. ಅಲ್ಲಿ ಕೆರೆಯ ನುಣ್ಣನೆ ಮಣ್ಣು ಹರಡಿ ದಿನಾ ಸಂಜೆ ಗುಡಿಸಿ ಸಮ ಮಾಡುತ್ತಾಳೆ. ಬೆಳಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಅದನ್ನು ಓದುತ್ತಾಳೆ. ಯಾರು ಬಂದರು, ಯಾರು ಹೋದರು, ಯಾವ ಬೆಕ್ಕು ಹಾಲಿಗೆ ಹೊಂಚು ಹಾಕಿತು, ಎಲ್ಲಾ ಅಲ್ಲಿ ಬಯಲು.

ಈಗ ಎರಡು ತಿಂಗಳಿಂದ ಆ ಅಂಗಳದಲ್ಲಿ ಅಯ್ಯಣ್ಣನ ಹೆಜ್ಜೆ ಇರಲಿಲ್ಲ.

ಗೋಡೆಯ ಪಕ್ಕಕ್ಕೆ ಸಾಲಾಗಿ ಚಪ್ಪಟೆ ಪರಸಿ ಕಲ್ಲು ಹಾಕಿದ್ದಾರಲ್ಲ, ಅಯ್ಯಣ್ಣ ಅದರ ಮೇಲೇ ನಡೆಯುತ್ತಿದ್ದ. ಅದೂ ಚಪ್ಪಲಿ ಹಾಕಿಕೊಂಡು, ಹೊಸ್ತಿಲ ತನಕ. ನಲವತ್ತು ವರ್ಷ ಬರಿಗಾಲಲ್ಲಿ ಅಂಗಳ ತುಳಿದವನಿಗೆ ಈಗ ಒಮ್ಮೆಲೇ ಕಲ್ಲಿನ ಮೇಲೆ ಪ್ರೀತಿ ಹುಟ್ಟಿತೇ? ಕೇಳಿದರೆ “ಮಣ್ಣು ತಂಪು ಹತ್ತತೈತಿ” ಎಂದ. ಜೊತೆಗೆ ಗುರುವಾರಗಳು ಬೇರೆ. ಪ್ರತಿ ಗುರುವಾರ ಗದ್ವಾಲದ ಬಸ್ಸು ಹತ್ತುತ್ತಿದ್ದ. ಸೀರೆ ನೇಯುವ ಗೆಳೆಯನಿಗೆ ಹುಷಾರಿಲ್ಲವಂತೆ. ಸಂಜೆ ಬಂದರೆ ಮೈಮೇಲೆ ಊರಿನ ಧೂಳು, ಕಾಲು ಮಾತ್ರ ತೊಳೆದು ಸ್ವಚ್ಛ, ಸೋಪಿನ ಘಮಲು. ಯಾರ ಮನೆಯ ಬಚ್ಚಲಲ್ಲಿ ಕಾಲು ತೊಳೆದು ಬಂದಾನು ಈ ಮನುಷ್ಯ?

ಹೆಜ್ಜೆ ಬಚ್ಚಿಡುವವನು ಇನ್ನೇನನ್ನೋ ಬಚ್ಚಿಡುತ್ತಾನೆ, ಅಷ್ಟು ಶೇಖಮ್ಮನಿಗೆ ಗೊತ್ತು. ಅವಳು ಜಗಳ ಆಡಲಿಲ್ಲ. ನಾಲ್ಕು ಸೀರೆಗಳನ್ನು ಗಂಟು ಕಟ್ಟಿ ಟ್ರಂಕಿನಲ್ಲಿಟ್ಟಳು. ಗುಟ್ಟು ಬಯಲಾದ ದಿನವೇ ಐಜ ಊರಲ್ಲಿರುವ ತಮ್ಮನ ಮನೆಗೆ ಹೋಗಿಬಿಡುವುದು, ತಿರುಗಿ ನೋಡುವುದಿಲ್ಲ ಎಂದು ನಿಶ್ಚಯ ಮಾಡಿದ್ದಳು. ದಿನಕ್ಕೊಮ್ಮೆ ಟ್ರಂಕು ತೆರೆದು ಆ ಗಂಟನ್ನು ಮುಟ್ಟಿ ನೋಡುತ್ತಿದ್ದಳು, ಆದರೂ ಬಿಚ್ಚಲಿಲ್ಲ.

ಅಂಗಡಿಯಲ್ಲಿ ಮಾತ್ರ ಬೇರೆಯೇ ಲೋಕ. ಸಂಜೆ ನಾಲ್ಕಾದರೆ ಟಿ.ವಿ.ಯಲ್ಲಿ ಬಿಗ್‌ಫೂಟ್ ಹುಡುಕುವ ಸೀರಿಯಲ್ಲು, ತೆಲುಗಿಗೆ ಡಬ್ ಮಾಡಿದ್ದು. ಅಮೆರಿಕದ ದಟ್ಟ ಕಾಡಿನಲ್ಲಿ ಎರಡಾಳೆತ್ತರದ, ಮೈತುಂಬ ಕೂದಲಿನ, ಮನುಷ್ಯನೂ ಅಲ್ಲದ ಕರಡಿಯೂ ಅಲ್ಲದ ಪ್ರಾಣಿ ಇದೆಯಂತೆ. ಗಡ್ಡದವನೊಬ್ಬ, ಟೋಪಿಯವನೊಬ್ಬ, ಕೆಂಪು ಕೋಟಿನ ಹೆಂಗಸೊಬ್ಬಳು ಅದನ್ನು ಹುಡುಕುತ್ತಲೇ ಇರುತ್ತಾರೆ. ನಮ್ಮವರು ಅದಕ್ಕೆ ದೊಡ್ಡಪಾದ ಎಂದು ಹೆಸರಿಟ್ಟಿದ್ದರು. ಬೀಜದಂಗಡಿಯ ಹಂಪಣ್ಣ, ಟೇಲರ್ ಖಂಡಪ್ಪ, ಜೆರಾಕ್ಸ್ ಅಂಗಡಿಯ ಸಾಯಿಪ್ರಸಾದ್, ಎಲ್ಲರಿಗಿಂತ ಮುಂದೆ ಅಯ್ಯಣ್ಣ. ಒಗ್ಗರಣೆ ಮಂಡಾಳಿನ ತಟ್ಟೆ ಹಿಡಿದು ಕೂತರೆ ಇವರಿಗೆ ಮನೆಮಠದ ನೆನಪಿಲ್ಲ.

“ಕೂಗಿದ್ದು ಕೇಳಿದ್ರಿಲ್ಲ? ಅದು ಹೆಣ್ಣು ದೊಡ್ಡಪಾದ” ಎನ್ನುವನು ಹಂಪಣ್ಣ.

“ನಿಂಗ ಹೆಣ್ಣಂತ ಹೆಂಗ ಗೊತ್ತಾತೋ?” ಅಯ್ಯಣ್ಣ ಕೇಳುವನು.

“ನಮ್ಮ ಮನ್ಯಾಗಿನ ದನಿ ಹಂಗ ಐತಪಾ.”

ಖಂಡಪ್ಪನಿಗೆ ಅದರ ಸೊಂಟದ ಅಳತೆಯದೇ ಚಿಂತೆ. ಸಾಯಿಪ್ರಸಾದ್ ಫೋನಿನಲ್ಲಿ ಯಾವುದೋ ಗ್ರೂಪು ಸೇರಿ ದಿನಾ ಹೊಸ ಸುದ್ದಿ ತರುತ್ತಿದ್ದ. ಬಾಣಲೆಯ ಹಿಂದಿನಿಂದ ಶೇಖಮ್ಮ ಒಂದೇ ಮಾತಿನಲ್ಲಿ ಎಲ್ಲರ ಬಾಯಿ ಕಟ್ಟುತ್ತಿದ್ದಳು.

“ಹಿಂದ ಏನೋ ಬಂತು ಅಂತ ಅವ್ರು ಚೀರೋಕಿಂತ ಮೊದಲ ಕ್ಯಾಮರಾ ಹಿಂದ ತಿರುಗಿ ನಿಂತಿರತೈತಿ. ಕ್ಯಾಮರಾದವಗ ಯಾರು ಹೇಳಿದ್ರು? ಆ ಕೆಸರಿನ ಹೆಜ್ಜಿ ನೋಡ್ರಿ, ಎರಡೂ ಬಲಗಾಲು. ನಿಮ್ಮ ದೊಡ್ಡಪಾದ ಕುಂಟಿಬಿಲ್ಲೆ ಆಡ್ತೈತೇನು?”

“ಅಕ್ಕಾ, ಮೀರು ಊರುಕೋಂಡಿ!” ಎಂದು ಸಾಯಿಪ್ರಸಾದ್ ತೆಲುಗಿನಲ್ಲಿ ಸುಮ್ಮನಿರಲು ಬೇಡಿ ಕೈಮುಗಿಯುತ್ತಿದ್ದ.

ಅಯ್ಯಣ್ಣ ಮಾತ್ರ ಅವಳನ್ನೇ ನೋಡಿ ಮೀಸೆಯಡಿಯಲ್ಲಿ ನಗುತ್ತಿದ್ದ. ಮದುವೆಯಾದಾಗಿನಿಂದ ಅವಳನ್ನು ಒಮ್ಮೆಯಾದರೂ ಏಮಾರಿಸಬೇಕೆಂದು ಅವನ ಹಟ. ಊರಿಗೆ ಹುಲಿ ಬಂದಿದೆ ಎಂದು ಹೇಳಿ ನೋಡಿದ್ದಾಯಿತು, ಲಾಟರಿ ಹತ್ತಿದೆ ಎಂದು ಹೇಳಿ ನೋಡಿದ್ದಾಯಿತು. ಒಂದೂ ನಡೆದಿರಲಿಲ್ಲ. ಮಾಘದಲ್ಲಿ ಸೀರಿಯಲ್ಲು ಮುಗಿಯಿತು. ಕೊನೆಯ ಕಂತಿನಲ್ಲೂ ದೊಡ್ಡಪಾದ ಸಿಗಲಿಲ್ಲ, ಎರಡು ದಿನ ಅಂಗಡಿಯಲ್ಲಿ ಸತ್ತವರ ಮನೆಯ ಕಳೆ.

ಮೂರನೆಯ ದಿನ, ಶುಕ್ರವಾರ ಬೆಳಗ್ಗೆ, ಸಾಯಿಪ್ರಸಾದ್ ಏದುಸಿರು ಬಿಡುತ್ತಾ ಬಂದ. ನೀರು ಇಳಿದ ಕೆರೆಯಂಗಳದ ಕೆಸರಿನಲ್ಲಿ ಮೊಳದುದ್ದದ ಹೆಜ್ಜೆಗಳು! ಹಂಪಣ್ಣ ಅಂಗಡಿ ತೆರೆದಿಟ್ಟೇ ಓಡಿದ. ಖಂಡಪ್ಪ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿದ. ಶೇಖಮ್ಮ ಒಲೆ ಆರಿಸಿ, ಶೇಂಗಾ ತುಂಬುವ ದೊಡ್ಡ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಡೆದಳು. ನಲವತ್ತೈದು ವರ್ಷದ ಮೇಲೆ ಮತ್ತೆ ಬುಟ್ಟಿ ಹೊತ್ತಿದ್ದಳು. ಒಳಗೊಳಗೇ ಹಿಗ್ಗು, ಯಾಕೆ ಸುಳ್ಳು ಹೇಳಬೇಕು.

ಏಳು ಹೆಜ್ಜೆಗಳಿದ್ದವು. ಅವಳು ಕುಕ್ಕರಗಾಲಲ್ಲಿ ಕೂತು ಮೊದಲನೆಯದನ್ನು ನೋಡಿದಳು, ಏಳನೆಯದನ್ನು ನೋಡಿದಳು.

“ಹಿಮ್ಮಡಿ ಎಷ್ಟು ಆಳ ಐತಿ, ಬೆರಳೂ ಅಷ್ಟ ಆಳ. ಇದು ನಡದಿದ್ದಲ್ಲ. ಹಲಗಿ ಕೊರದು ಮ್ಯಾಲ ನಿಂತು ಒತ್ಯಾರ.”

“ಏನಕ್ಕಾ ನೀನು, ಅಮೆರಿಕದ್ದೂ ಸುಳ್ಳು, ನಮ್ಮೂರಿಂದೂ ಸುಳ್ಳಾ?” ಹಂಪಣ್ಣ ಅಳುವಂತಾದ.

“ಒತ್ತಿದವ ನಿಮ್ಮಾಗ ಒಬ್ಬ ಅದಾನ. ಯಾರೂ ಇಲ್ಲಿಂದ ಕಾಲು ಕೀಳಬ್ಯಾಡ್ರಿ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಂಡಪ್ಪನ ಹತ್ತಿರ ಅಳತೆ ಇದೆ, ಸಾಯಿಪ್ರಸಾದನ ಫೋನಿನಲ್ಲಿ ಚಿತ್ರ ಇದೆ, ಹಂಪಣ್ಣನಿಗೆ ಆಸೆ ಇದೆ. ಶೇಖಮ್ಮನಿಗೆ ಮೂವರ ಮೇಲೂ ಗುಮಾನಿ. ದೊಡ್ಡ ಹೆಜ್ಜೆಗಳ ಸುತ್ತ ಸೊಪ್ಪಿನಿಂದ ಸವರಿದ ಗೀರುಗಳಿದ್ದವು. ಮಾಡಿದವನು ತನ್ನ ಹೆಜ್ಜೆ ಅಳಿಸುತ್ತಾ ಹೋಗಿದ್ದ. ಗೀರು ಹಿಡಿದು ಹೋದರೆ ಜಾಲಿಕಂಟಿಯ ಮರೆಯಲ್ಲಿ ಅವನು ಸವರಲು ಮರೆತ ಬರಿಗಾಲಿನ ಗುರುತುಗಳು ಸಿಕ್ಕವು. ಅವಳು ಸರಿಯಾಗಿ ನೋಡಲೂ ಇಲ್ಲ, ಮೊದಲನೆಯದರ ಮೇಲೆ ಬುಟ್ಟಿ ಬೋರಲು ಹಾಕಿ ಕಲ್ಲಿಟ್ಟಳು. ಐದು ಜನ ಕೂಡದೆ ಓದಬಾರದು, ಅಪ್ಪನ ಕಟ್ಟು.

ಎಮ್ಮೆ ಮೇಯಿಸುತ್ತಿದ್ದ ನವನೀತಾಳನ್ನು ಕರೆದರೆ ನಾಲ್ವರಾದರು. ಐದನೆಯವನಾಗಿ ಅಂಗಡಿಗೆ ಬೀಗ ಹಾಕಿ ಅಯ್ಯಣ್ಣ ಬಂದ, ನಿಧಾನಕ್ಕೆ, ಚಪ್ಪಲಿ ಹಾಕಿಕೊಂಡು.

“ನಮ್ಮಪ್ಪನ ಆಣಿ, ಯಾರದಾರ ಇರಲಿ, ಹೆಸರು ಇಲ್ಲೇ ಹೇಳ್ತೀನಿ” ಎಂದು ಶೇಖಮ್ಮ ಬುಟ್ಟಿ ಎತ್ತಿದಳು.

ಎಡಗಾಲು. ಎರಡನೆಯ ಬೆರಳು ಸೊಟ್ಟ, ಹೆಬ್ಬೆರಳ ಮೇಲೆ ಹತ್ತಿದಂತೆ. ಪ್ರಾಯದಲ್ಲಿ ಎತ್ತು ತುಳಿದು ಸೊಟ್ಟಗಾದ ಬೆರಳು ಅದು, ಅವಳೇ ಅರಿಶಿನ ಕಟ್ಟಿದ್ದಳು. ಆಹಾ, ಸಿಕ್ಕೆಯಾ ಗಂಡನೇ! ಎರಡು ತಿಂಗಳು ಕಲ್ಲಿನ ಮೇಲೆ ನಡೆದೆಯಲ್ಲ, ಕೆಸರಿಗೆ ಚಪ್ಪಲಿ ಬಿಡಲೇಬೇಕಾಯಿತಲ್ಲ! ಐದು ಜನರೆದುರು ಇವನ ಹೆಸರು ಕೂಗಿ, ಗದ್ವಾಲದ ಗುಟ್ಟನ್ನೂ ಇಲ್ಲೇ ಕಕ್ಕಿಸಬೇಕು ಎಂದು ಬಾಯಿ ತೆರೆದಳು.

ಆಗ ಹೆಜ್ಜೆಯ ನಡುವೆ ಕಪ್ಪಗೆ ಒಣಗಿದ ಚುಕ್ಕೆ ಕಂಡಿತು. ರಕ್ತ. ಪಕ್ಕದಲ್ಲಿ ಮುರಿದ ಜಾಲಿ ಮುಳ್ಳಿನ ಬುಡ, ಮೊನೆ ಇಲ್ಲ. ಮೊನೆ ಕಾಲಿನೊಳಗೇ ಹೋಗಿತ್ತು. ಅವಳ ಕಣ್ಣು ತಾನಾಗಿಯೇ ಮುಂದಿನ ಎಡಗಾಲಿಗೆ ಹೋಯಿತು. ಅಲ್ಲೂ ಚುಕ್ಕೆ. ಹೆಜ್ಜೆ ಹಗುರ ಇರಲಿಲ್ಲ. ಅದರ ಮುಂದಿನದೂ ಇರಲಿಲ್ಲ. ಅರ್ಧ ಬೆರಳುದ್ದ ಮುಳ್ಳನ್ನು ಒಳಗಿಟ್ಟುಕೊಂಡು ಈ ಮನುಷ್ಯ ಪೂರ್ತಿ ಭಾರ ಹಾಕಿ ನಡೆದುಹೋಗಿದ್ದ.

ಅಪ್ಪ ಹೇಳಿದ್ದ ಸತ್ತ ಕಾಲು ಇದು. ತೊಳೆದ ಕಾಲು, ಸೋಪಿನ ಘಮಲು, ಗುರುವಾರ, ಪರಸಿ ಕಲ್ಲು. ಅಯ್ಯೋ ಶಿವನೇ, ನಾನು ಏನು ಓದಿದೆ, ಇಲ್ಲಿ ಏನು ಬರೆದಿದೆ!

“ಯಾರಕ್ಕಾ? ಹೇಳು ಮತ್ತ!” ಎಂದ ಖಂಡಪ್ಪ.

ಎದುರಿಗೆ ಅಯ್ಯಣ್ಣ ನಿಂತಿದ್ದ, ನಗು ತಡೆಯಲಾರದೆ ಮೀಸೆ ಕಚ್ಚಿಕೊಂಡು. ಅವನ ಎಡಚಪ್ಪಲಿಯ ಅಂಚು ಕೆಂಪಗೆ ಒದ್ದೆಯಾಗಿತ್ತು. ಅವನಿಗದು ತಿಳಿದೇ ಇರಲಿಲ್ಲ.

ಶೇಖಮ್ಮ ಎದ್ದು ನಿಂತಳು. ಆ ಹೆಜ್ಜೆಯ ಮೇಲೆ ತನ್ನ ಕಾಲಿಟ್ಟು ತಿಕ್ಕಿ ಅಳಿಸಿದಳು, ಮುಂದಿನದನ್ನೂ, ಅದರ ಮುಂದಿನದನ್ನೂ. ಅಪ್ಪ ಇದ್ದಿದ್ದರೆ ಅವಳ ಕಾಲು ಮುರಿಯುತ್ತಿದ್ದ.

“ನಂದ ತಪ್ಪಾತು. ಇದು ಎಮ್ಮಿ ಕಾಯೋರ ಹೆಜ್ಜಿ. ದೊಡ್ಡಪಾದ ಬಂದಿದ್ದು ಖರೇ ಇರಬೇಕು.”

ಕೆರೆಯಂಗಳದಲ್ಲಿ ಹಬ್ಬವೇ ಆಯಿತು. ಸಾಯಿಪ್ರಸಾದ್ ವಿಡಿಯೋ ಹಿಡಿದ, ಹಂಪಣ್ಣ ಖಂಡಪ್ಪನನ್ನು ಎತ್ತಿ ಕುಣಿದ. ಶೇಖಮ್ಮ ಒಪ್ಪಿದ ಮೇಲೆ ಇನ್ನು ಯಾರ ಸಾಕ್ಷಿ ಬೇಕು? ಅವಳು ಗಂಡನ ರಟ್ಟೆ ಹಿಡಿದು, “ಚಪ್ಪಲಿ ಬಿಡಬ್ಯಾಡ್ರಿ, ಮನಿಗೆ ನಡ್ರಿ” ಎಂದು ಸಾಯಿಪ್ರಸಾದನ ಬೈಕಿನ ಮೇಲೆ ಕೂರಿಸಿ ಕಳಿಸಿದಳು.

ಮನೆಯಲ್ಲಿ ಅವನನ್ನು ಪರಸಿ ಕಲ್ಲಿನ ಮೇಲೆ ಕೂರಿಸಿ, ಬಿಸಿನೀರು ತಂದು, ಕಾಲ ಬುಡದಲ್ಲಿ ಕೂತಳು. ಅವನ ಸಂಭ್ರಮ ಇನ್ನೂ ಇಳಿದಿರಲಿಲ್ಲ.

“ಏಮಾರಿದಿಲ್ಲೇನು ಶೇಖಮ್ಮ! ನಲವತ್ತು ವರ್ಷಕ್ಕ ಒಮ್ಮೆರ ಏಮಾರಿದಿ!”

“ಹಲಗಿ ಎಲ್ಲಿ ಇಟ್ಟೀರಿ? ಹೊಟ್ಟಿನ ಚೀಲದ ಹಿಂದ?”

ಅವನ ನಗು ನಿಂತಿತು. “ಗೊತ್ತಿತ್ತಾ? ಮತ್ತ ಅಲ್ಲಿ ಯಾಕ ಹೇಳಲಿಲ್ಲ?”

ಅವಳು ಚಪ್ಪಲಿ ಬಿಡಿಸಿದಳು. ಹೆಬ್ಬೆರಳ ಅಡಿಭಾಗ ಕಪ್ಪಾಗಿತ್ತು, ಸುತ್ತ ಔಷಧದ ಹಳದಿ ಕಲೆ. ಅಯ್ಯಣ್ಣ ಮುಖ ಗೋಡೆಗೆ ತಿರುಗಿಸಿದ.

“ಶುಗರ್ ಅಂತ. ಗುರುವಾರಕ್ಕೊಮ್ಮೆ ತೊಳದು ಬೆರಳ ಕೆಳಗ ಸಣ್ಣ ಪಟ್ಟಿ ಹಚ್ತಾರ. ಬೆರಳು ತೆಗಿಬೇಕಾದೀತು ಅಂದಾರ ಗದ್ವಾಲ ಡಾಕ್ಟ್ರು. ನಿನ್ನಿ ಸಂಜಿ ಕೆಸರಾಗ ಹೋಗಾಕಂತ ಪಟ್ಟಿ ಕಿತ್ತಿದ್ದೆ.”

“ನಂಗ್ಯಾಕ ಹೇಳಲಿಲ್ರೀ?” ಅವಳು ಚಪ್ಪಲಿಯನ್ನು ಅತ್ತ ಎಸೆದಳು. “ಗದ್ವಾಲದಾಗ ಯಾವಾಕಿನೋ ಇಟ್ಕೊಂಡೀರಿ ಅಂತ ನಾ ಗಂಟು ಕಟ್ಟಿಟ್ಟೀನಿ!”

“ಕಟ್ಟಿದ್ದು ಕಂಡೀನಿ. ಅದ ಚಲೋ ಅನಿಸ್ತು ನಂಗ. ನೀ ಶಂಕಿ ಪಡೋದು ನೋಡಿ ನೋಡಿ ರೂಢಿ ಆಗೈತಿ. ನೀ ಹೆದರೋದು ನಾ ನೋಡಿಲ್ಲ, ನೋಡಾಕ ಆಗಂಗಿಲ್ಲ.”

ಶೇಖಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಧ್ಯಾಹ್ನದ ಬಸ್ಸಿಗೆ ಗದ್ವಾಲ, ತಾನೂ ಜೊತೆಗೆ, ಬೇಕಾದ ಸೀರೆ ಗಂಟಿನಲ್ಲಿ ಇದ್ದೇ ಇದೆ ಎಂದಳು. ಕಾಲಲ್ಲಿ ಮುಳ್ಳು ಮುರಿದಿದೆ, ತೆಗೆಯುತ್ತೇನೆ ಎಂದು ಹೇಳಿ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಸೂಜಿಯಿಂದ ಕೆದಕಿ, ಉಗುರಿನಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಎಳೆದಳು. ಮುಳ್ಳು ಬಂತು, ಹಿಂದೆಯೇ ರಕ್ತವೂ ಬಂತು. ಅಯ್ಯಣ್ಣ ಗೋಡೆ ನೋಡುತ್ತಲೇ ಇದ್ದ, ಹಂಪಣ್ಣ ಕುಣಿದದ್ದು ನೆನೆದು ಮತ್ತೆ ನಗು ಬಂದಿತ್ತು ಅವನಿಗೆ.

“ಎಷ್ಟೊತ್ತು ಹುಡುಕ್ತಿಯೇ?” ಎಂದ. “ಹೆದರಬ್ಯಾಡ, ನಾ ತಡ್ಕೋತೀನಿ. ಲಗೂನ ತೆಗಿ.”

ಅವಳು ಮುಳ್ಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ತೆಗಿತೀನಿ ಇರ್ರಿ” ಎಂದಳು.