ಗಾಲಿ ಕಟ್ಟಿ ಎಳೆಸಿದ ಕಂಪ್ಯೂಟರು

ಯರಗಟ್ಟಿ ರಸ್ತೆಯ ಮೇಲಿರುವ ನನ್ನ ತೂಕದ ಕಾಟಾದ ಕಂಪ್ಯೂಟರಿಗೆ ನಾನು ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚುತ್ತೇನೆ. ನೋಡಿದವರು ನಗುತ್ತಾರೆ. ನಗಲಿ. ಸಾಲಿ ಅರ್ಧಕ್ಕೆ ಬಿಟ್ಟು, ಹಮಾಲಿ ಮಾಡಿ, ಚೀಲ ಹೊತ್ತು ಹೊತ್ತು ಹೆಗಲು ಕಲ್ಲಾದ ಮೇಲೆ ಸ್ವಂತದ ಕಾಟಾ ಹಾಕಿದವನು ನಾನು. ಗಾಡಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಂತರೆ ಒಳಗಿನ ಪೆಟ್ಟಿಗೆ ಅದರ ಭಾರ ಹೇಳುತ್ತದೆ, ನಾನು ಚೀಟಿ ಕೊಡುತ್ತೇನೆ. ಚೀಟಿಯ ತಲೆಯ ಮೇಲೆ ನನ್ನ ಹೆಸರು ಅಚ್ಚಾಗಿರುತ್ತದೆ. ಅದನ್ನು ನೋಡಿದಾಗಲೆಲ್ಲ ಎದೆ ಸ್ವಲ್ಪ ಉಬ್ಬುತ್ತದೆ, ಸುಳ್ಳೇಕೆ ಹೇಳಲಿ.

ಹೋದ ಹತ್ತಿ ಸುಗ್ಗಿಯಲ್ಲಿ ಆ ಹೆಸರಿಗೇ ಕುತ್ತು ಬಂತು. ಮನೋಳಿಯ ರೈತ ಈರಪ್ಪ ಹತ್ತಿ ಇಳಿಸಿ, ತುಂಬಿದ ತೂಕದಲ್ಲಿ ಕಳೆಯಲೆಂದು ಖಾಲಿ ಟ್ರ್ಯಾಕ್ಟರ್ ತೂಗಿಸಲು ಬಂದ. ಹಿಂದೆ ಗಾಡಿಗಳ ಸಾಲು. ಕಂಪ್ಯೂಟರು ಅವನ ಖಾಲಿ ಗಾಡಿಗೆ, ಸ್ವಲ್ಪ ಮೊದಲು ತೂಗಿದ್ದ ಬೇರೊಬ್ಬರ ತುಂಬಿದ ಗಾಡಿಯ ತೂಕವನ್ನು ಬರೆದುಕೊಟ್ಟಿತು. ಈರಪ್ಪ ಚೀಟಿ ಎತ್ತಿ ಹಿಡಿದು ಸಾಲಿನವರಿಗೆಲ್ಲ ಕೇಳುವಂತೆ ಕೂಗಿದ: "ಏನ್ರೀ ಕಾಟಾದವರ, ನನ್ನ ಖಾಲಿ ಗಾಡಿ ದಾರ್ಯಾಗ ಹತ್ತಿ ಮೇಯ್ದು ಬಂತೇನ್ರಿ?"

ಎಲ್ಲರೂ ನಕ್ಕರು. ಮತ್ತೆ ತೂಗಿದರೆ ತೂಕ ಸರಿ. ಆದರೆ ಆ ನಗು ನನಗಿಂತ ಮೊದಲೇ ಚಾ ಅಂಗಡಿ ಮುಟ್ಟಿತ್ತು. ಮುಂದೆ ಇನ್ನೊಬ್ಬರಿಗೂ ಹಾಗೇ ಆಯಿತು, ಅದೂ ಗದ್ದಲದಲ್ಲೇ. "ಆ ಕಾಟಾ ಗದ್ದಲದಾಗ ಕೈಚಳಕ ತೋರಸ್ತೈತಿ" ಎಂಬ ಮಾತು ನನ್ನ ಬೆನ್ನ ಹಿಂದೆ ತಿರುಗಾಡತೊಡಗಿತು. ಈರಪ್ಪ ಗದ್ದಲದ ಹೊತ್ತಿಗೆ ಬರುವುದನ್ನೇ ಬಿಟ್ಟ. ಹೊತ್ತು ಹುಟ್ಟುವಾಗ, ಯಾರೂ ಇಲ್ಲದಾಗ ಬರುತ್ತಿದ್ದ. ಪರದೆಯನ್ನೇ ನೋಡುತ್ತ ನಿಂತು, ಚೀಟಿಯನ್ನು ಮೇಲಿಂದ ಕೆಳಗೆ ಓದಿ, ಗಾಡಿ ಹೊಡೆಯುತ್ತಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ರಿಪೇರಿಯವರನ್ನು ಕರೆಸಿದೆ. ಅವರು ಬರುವ ದಿನ ನನ್ನ ಸಂಭ್ರಮ ನೋಡಬೇಕಿತ್ತು. ಹೆಣ್ಣು ನೋಡಲು ಬೀಗರು ಬರುವ ಮನೆಯಂತೆ ಅಂಗಳಕ್ಕೆ ನೀರು ಹೊಡೆಸಿದೆ, ಧೂಳು ಒರೆಸಿದೆ, ಕಂಪ್ಯೂಟರನ್ನು ಬಂದ್ ಮಾಡಿ ಹೊಸದಾಗಿ ಚಾಲೂ ಮಾಡಿದೆ. ಗಾಡಿಯವರಿಗೆ "ಊಟ ಆದ ಮ್ಯಾಲೆ ಬರ್ರಿ" ಎಂದು ಕಳಿಸಿದೆ. ರಿಪೇರಿಯವರು ತಮ್ಮ ತೂಕದ ಕಲ್ಲಿಟ್ಟು ನೋಡಿದರು, ಚಾ ಕುಡಿದರು, "ಗುಂಡಕಲ್ಲಿನಂಗ ಐತ್ರಿ ನಿಮ್ಮ ಮಷೀನ್" ಎಂದು ಹೋದರು. ಮರುದಿನ ಗಾಡಿಗಳು ಸಾಲು ಹಚ್ಚಿದವು. ಗುಂಡುಕಲ್ಲು ಮತ್ತೆ ಸುಳ್ಳು ಹೇಳಿತು. ಅವರನ್ನು ಮತ್ತೆ ಕರೆಸಿದೆ. ಮತ್ತೆ ಅಂಗಳಕ್ಕೆ ನೀರು.

ಬೈಲಹೊಂಗಲಕ್ಕೆ ಕೊಟ್ಟಿರುವ ನನ್ನ ತಂಗಿಯ ಮಗಳು ಸವಿತಾ ಮನೆಯಲ್ಲೇ ಕುಳಿತು ಕಂಪ್ಯೂಟರಿನ ಕೆಲಸ ಮಾಡುತ್ತಾಳೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು "ದೊಡ್ಡ ಕೆಲಸ" ಎಂದುಬಿಡುತ್ತಿದ್ದೆ; ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ನಮ್ಮಲ್ಲಿಗೆ ಬಂದವಳು ನನ್ನ ಗೋಳು ಕೇಳಿ ಹಣೆ ಹಿಡಿದುಕೊಂಡಳು.

"ಮಾಮಾ, ಜ್ವರಾ ಇಳಿಸಿ ಡಾಕ್ಟರ್ ಕಡೆ ಕರಕೊಂಡ ಹೋಗೀರಿ ನೀವು! ಅದು ತಪ್ಪೋದು ಜೀವಕ್ಕ ಬಂದಾಗ. ಅದರ ಜೀವಾ ತಿಂದ ನೋಡಬೇಕು."

ಅವಳ ಕೆಲಸವೇ ಅದಂತೆ, ಕಂಪ್ಯೂಟರುಗಳ ಜೀವ ತಿನ್ನುವುದು. ನನಗೆ ತಿಳಿಯುವಂತೆ ಹೇಳಿದಳು. ಒಳಗೆ ಮೆಮೊರಿ ಎಂಬ ಜಾಗವಿದೆ, ನಮ್ಮ ಮಾರ್ಕೆಟ್ಟಿನಲ್ಲಿ ಮಾಲು ಇಳಿಸುವ ಕಟ್ಟೆಯ ಹಾಗೆ. ತೂಕ, ಚೀಟಿ, ಕ್ಯಾಮೆರಾದ ಚಿತ್ರ, ಎಲ್ಲಕ್ಕೂ ಅಲ್ಲೇ ಜಾಗ ಬೇಕು. ಯಾರ ಮಾಲು ಎಲ್ಲಿ ಎಂದು ನೋಡುವ ಮುಕಾದಮನೇ ಆಪರೇಟಿಂಗ್ ಸಿಸ್ಟಮ್. ಕಟ್ಟೆ ತುಂಬಿದರೆ ಸುಮ್ಮನೆ ಬಿದ್ದ ಮಾಲನ್ನು ಹಿಂದಿನ ಗೋದಾಮಿಗೆ ಸಾಗಿಸುತ್ತಾನೆ, ಕೇಳಿದಾಗ ತಂದುಕೊಡುತ್ತಾನೆ. ಒಬ್ಬರ ಮಾಲು ಎತ್ತುವ ಗಳಿಗೆಯಲ್ಲೇ ಇನ್ನೊಬ್ಬರದು ಇಳಿದರೆ, ಯಾವಾಗಲೋ ಒಮ್ಮೆ, ಇವರಿಗೆ ಅವರ ಹಳೇ ಮಾಲು ಹೋಗುತ್ತದೆ.

ನನಗೆ ತಟ್ಟನೆ ಅಪ್ಪ ನೆನಪಾದ. ಅಪ್ಪ ಎತ್ತಿನ ದಲಾಲಿ ಮಾಡುತ್ತಿದ್ದ. ಸಂತೆಯಲ್ಲಿ ಕೊಂಬಿಗೆ ಬಣ್ಣ ಬಳಿದು ನಿಲ್ಲಿಸಿದ ಎತ್ತುಗಳೆಲ್ಲ ಅರಸರೇ. ಅಪ್ಪ ಕೊಂಬು ನೋಡುತ್ತಿರಲಿಲ್ಲ; ತುಂಬಿದ ಚಕ್ಕಡಿಯ ಗಾಲಿ ತಿರುಗದಂತೆ ಹಗ್ಗ ಬಿಗಿದು, ಎತ್ತು ಹೂಡಿ, ಎರೆಮಣ್ಣಿನಲ್ಲಿ ಎಳೆಸುತ್ತಿದ್ದ. ಯಾವುದು ಮೊಣಕಾಲೂರುತ್ತದೆ ಎಂಬುದು ಆಗ ಗೊತ್ತಾಗುತ್ತಿತ್ತು. ಅಂಥವನ ಮಗ ನಾನು, ಕೊಂಬಿಗೆ ಬಣ್ಣ ಬಳಿದು ನಿಂತಿದ್ದೆ.

ಪರೀಕ್ಷೆಗೆ ಈರಪ್ಪನನ್ನೇ ಕರೆಸಿದೆ. ಸವಿತಾ ಒಂದು ತುಂಬಿದ ಗಾಡಿ ತೂಗಿಸಿ ಕಳಿಸಿ, ಅವನ ಖಾಲಿ ಟ್ರ್ಯಾಕ್ಟರನ್ನು ಹಾಸಿನ ಮೇಲೆ ನಿಲ್ಲಿಸಿದಳು. ಆಮೇಲೆ ತನ್ನ ಪ್ರೋಗ್ರಾಮು ಬಿಟ್ಟಳು. ಸಿಕ್ಕಷ್ಟು ಜಾಗ ಕಬಳಿಸಿ, ಗುರುತು ಹಾಕಿದ ಮಾಲು ಇಟ್ಟು, ಬಿಟ್ಟು, ಮತ್ತೆ ಕಬಳಿಸಿ, ಇಟ್ಟದ್ದೇ ವಾಪಸು ಬಂತೋ ಇಲ್ಲವೋ ಎಂದು ನೋಡುವುದೊಂದೇ ಅದರ ಉದ್ಯೋಗ. ಜೊತೆಗೆ ತೂಕವೂ ನಡೆದೇ ಇತ್ತು. ಪೆಟ್ಟಿಗೆಯ ಫ್ಯಾನು ಏದುಸಿರು ಬಿಡತೊಡಗಿತು. ತೂಕ ಸರಿ ಬಂತು, ಮತ್ತೆ ಸರಿ, ಮತ್ತೂ ಸರಿ. ಈರಪ್ಪನ ಚಾ ಮುಗಿಯಿತು. ಇದು ಇವತ್ತೂ ಸಾಧುವಿನ ವೇಷ ಬಿಡುವುದಿಲ್ಲ, ನನ್ನ ಹೆಸರು ಹೋದಂತೆಯೇ ಎಂದುಕೊಂಡೆ.

ಆಗ ಪರದೆಯ ಮೇಲೆ ಖಾಲಿ ಟ್ರ್ಯಾಕ್ಟರಿಗೆ ತುಂಬಿದ ಗಾಡಿಯ ತೂಕ ಬಂದು ನಿಂತಿತು.

"ಸಿಕ್ತು!" ಎಂದು ಸವಿತಾ ಚಪ್ಪಾಳೆ ತಟ್ಟಿದಳು. ತಪ್ಪು ಕಂಡು ಅಷ್ಟು ಹಿಗ್ಗಿದವರನ್ನು ನಾನು ನೋಡಿಲ್ಲ. ಈರಪ್ಪ ಎದ್ದು ಬಂದು ಖಾಲಿ ಗಾಡಿ ನೋಡಿದ, ಪರದೆ ನೋಡಿದ, ನನ್ನ ಮುಖ ನೋಡಿದ. "ಇದರವ್ವನ, ನಿಂತಲ್ಲೇ ಮೇಯ್ತಲ್ರಿ ಇದು!" ಎಂದ.

ಸಿಕ್ಕಿದ್ದನ್ನು ಸವಿತಾ ಆ ಸಿಸ್ಟಮ್ ಮಾಡಿದವರಿಗೆ ಕಳಿಸಿದಳು. ಕೆಲವು ದಿನಗಳಲ್ಲಿ ತಿದ್ದುಪಡಿ ಬಂತು. ಅವಳು ಮತ್ತೆ ಜೀವ ತಿಂದು ನೋಡಿದಳು. ಸುಳ್ಳು ತೂಕ ಮತ್ತೆ ಬರಲಿಲ್ಲ.

ನಾನು ಬೆರಗಾದದ್ದು ಆ ತಪ್ಪಿಗಲ್ಲ. ಇಷ್ಟು ದಿನ ಅದು ಸರಿ ಹೇಳಿಕೊಂಡು ಬಂದದ್ದಕ್ಕೆ. ಚೀಲ ಎತ್ತಿ ಇಳಿಸಿದ ಮೈ ನನ್ನದು. ಹಮಾಲರು ಮೈಮೇಲೆ ಎಚ್ಚರವಿಟ್ಟು ದುಡಿದರೂ ದಿನಕ್ಕೊಂದು ಚೀಲ ಯಾರದೋ ಗಾಡಿ ಸೇರುತ್ತದೆ. ಇಲ್ಲಿ ರೆಪ್ಪೆ ಬಡಿಯುವುದರೊಳಗೆ ಲೆಕ್ಕವಿಲ್ಲದಷ್ಟು ಮಾಲು ಎತ್ತಿ, ಇಳಿಸಿ, ಅವರವರದನ್ನು ಅವರವರಿಗೇ ಮುಟ್ಟಿಸುತ್ತಾರೆ, ಕಣ್ಣಿಗೆ ಕಾಣದ ಹಮಾಲರು. ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನನ್ನ ಊದಿನಕಡ್ಡಿ ಅವರಿಗೆ.

ಮೊನ್ನೆ ಹಬ್ಬದ ಹಿಂದಿನ ದಿನ. ಗಾಡಿಗಳ ಸಾಲು ರಸ್ತೆಗೆ ಬಂದಿತ್ತು, ಹಾರ್ನು, ಬೈಗುಳ, ಧೂಳು. ಅದರ ನಡುವೆ ಈರಪ್ಪನ ಟ್ರ್ಯಾಕ್ಟರು.

"ಈರಪ್ಪಣ್ಣ, ಮುಂಜಾನೆ ಬಂದಿದ್ರ ಖಾಲಿ ಇತ್ತಲ್ಲೋ?" ಎಂದೆ.

"ಖಾಲಿ ಇದ್ದಾಗ ಯಾರ ಬೇಕಾದ್ರೂ ಖರೇ ಹೇಳ್ತಾರ, ಸುಮ್ನ ತೂಗ್ರಿ" ಎಂದ.

ತೂಗಿದೆ. ಚೀಟಿ ಕೊಟ್ಟೆ. ಅವನು ಅದನ್ನು ಓದದೆ ಮಡಿಚಿ ಕಿಸೆಗಿಟ್ಟುಕೊಂಡು ಗಾಡಿ ಹೊಡೆದ.